ಒಂದು ಫೋಟಾನ್ ಎಷ್ಟು ಗುಟ್ಟು ಬಿಟ್ಟುಕೊಡುತ್ತದೆ? ಕ್ವಾಂಟಮ್ ಗೂಢಲಿಪಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಈ ವಿಷಯದ ಬಗ್ಗೆ ಬರುವಷ್ಟು ಪ್ರಶ್ನೆಗಳು ಬೇರಾವುದರ ಬಗ್ಗೆಯೂ ಬರುವುದಿಲ್ಲ. ಹೆಚ್ಚಿನವರು "ಇದನ್ನು ಯಾರಿಂದಲೂ ಭೇದಿಸಲು ಆಗುವುದಿಲ್ಲವಂತೆ, ಹೌದೇ?" ಎಂದು ಶುರು ಮಾಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಕೈಗೆ ಸಿಕ್ಕ ಬೆಳಕಿನ ಒಂದೇ ಒಂದು ಕಣದಿಂದ, ಅಂದರೆ ಒಂದು ಫೋಟಾನ್‌ನಿಂದ, ಎಂಥ ಯಂತ್ರ ಇಟ್ಟುಕೊಂಡರೂ, ಎಷ್ಟು ಮಾಹಿತಿ ಹೊರತೆಗೆಯಲು ಸಾಧ್ಯ? ಇದಕ್ಕೆ ಅಂಕಿಯಲ್ಲೇ ಉತ್ತರವಿದೆ. ಆ ಅಂಕಿಯನ್ನು ಹಿಡಿದುಕೊಂಡರೆ ಉಳಿದ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಕ್ವಾಂಟಮ್ ಗೂಢಲಿಪಿ ಎಂದರೆ ಸಂದೇಶವನ್ನು ಬೆಳಕಿನ ಕಣದೊಳಗೆ ಅಡಗಿಸಿ ಕಳುಹಿಸುವುದೇ?

ಅಲ್ಲ. ಸಂದೇಶ ಎಂದಿನಂತೆ ಇಂಟರ್ನೆಟ್‌ನಲ್ಲೋ ಫೋನಿನಲ್ಲೋ ಹೋಗುತ್ತದೆ. ಫೋಟಾನ್‌ಗಳು ಹೊತ್ತೊಯ್ಯುವುದು ಕೀಲಿಯನ್ನು, ಅಂದರೆ ಯಾವ ಅರ್ಥವೂ ಇಲ್ಲದ 0 ಮತ್ತು 1ರ ಒಂದು ಸರಣಿಯನ್ನು. ಸಂದೇಶದಷ್ಟೇ ಉದ್ದದ, ಸಂಪೂರ್ಣ ಯಾದೃಚ್ಛಿಕವಾದ, ಒಮ್ಮೆ ಮಾತ್ರ ಬಳಸುವ ಕೀಲಿ ಇಬ್ಬರ ಬಳಿಯೂ ಇದ್ದರೆ ಆ ಗೂಢಲಿಪಿಯನ್ನು ಯಾವ ಲೆಕ್ಕಾಚಾರದಿಂದಲೂ ಬಿಡಿಸಲಾಗದು ಎಂದು ಕ್ಲಾಡ್ ಶಾನನ್ 1949ರಲ್ಲೇ ತೋರಿಸಿದ್ದರು. ಆದರೆ ಅಂಥ ಕೀಲಿಯನ್ನು ದೂರದಲ್ಲಿರುವ ಇಬ್ಬರ ಕೈಗೆ ಮೂರನೆಯವರಿಗೆ ತಿಳಿಯದಂತೆ ಮುಟ್ಟಿಸುವುದು ಹೇಗೆ? ಕ್ವಾಂಟಮ್ ಗೂಢಲಿಪಿ ಬಿಡಿಸುವುದು ಈ ಒಂದು ಗಂಟನ್ನು. ಅದಕ್ಕಾಗಿಯೇ ಈ ಕ್ಷೇತ್ರದವರು ಇದನ್ನು ಕ್ವಾಂಟಮ್ ಕೀಲಿ ಹಂಚಿಕೆ ಎಂದು ಕರೆಯುತ್ತಾರೆ. ಹೆಸರು ಸಪ್ಪೆಯಾದರೂ ಹೇಳಬೇಕಾದದ್ದನ್ನು ಸರಿಯಾಗಿ ಹೇಳುತ್ತದೆ.

ಇದು ಬೆಂಗಳೂರಿನಲ್ಲಿ ಹುಟ್ಟಿತು ಎನ್ನುತ್ತಾರೆ. ನಿಜವೇ?

ಹುಟ್ಟಿದ್ದು ಬೇರೆಡೆ, ಲೋಕಕ್ಕೆ ಮುಖ ತೋರಿಸಿದ್ದು ಬೆಂಗಳೂರಿನಲ್ಲಿ. ಸುಮಾರು 1970ರಲ್ಲಿ ಅಮೆರಿಕದ ಯುವಕ ಸ್ಟೀಫನ್ ವೀಸ್ನರ್ ಒಂದು ವಿಚಿತ್ರ ಲೇಖನ ಬರೆದರು. ನೋಟಿನೊಳಗೆ ಫೋಟಾನ್‌ಗಳನ್ನು ಹಿಡಿದಿಟ್ಟರೆ ಅದರ ಖೋಟಾ ನೋಟನ್ನು ಯಾರೂ ಮುದ್ರಿಸಲಾರರು ಎಂಬುದು ಅದರ ತಿರುಳು. ಆ ಲೇಖನ ಅಚ್ಚಾಗಲು 1983ರವರೆಗೆ ಕಾಯಬೇಕಾಯಿತು. ವೀಸ್ನರ್ ಅವರ ಗೆಳೆಯ ಚಾರ್ಲ್ಸ್ ಬೆನೆಟ್ ಮಾತ್ರ ಆ ವಿಚಾರವನ್ನು ತಲೆಯಿಂದ ಬಿಟ್ಟಿರಲಿಲ್ಲ. 1979ರಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಒಂದು ಸಮ್ಮೇಳನ ನಡೆದಿತ್ತು. ಅಲ್ಲಿ ಸಮುದ್ರದಲ್ಲಿ ಈಜುತ್ತಿದ್ದ ಮಾಂಟ್ರಿಯಲ್‌ನ ಜಿಲ್ ಬ್ರಾಸಾರ್ ಬಳಿಗೆ ಬೆನೆಟ್ ಈಜಿಕೊಂಡೇ ಹೋಗಿ ಕ್ವಾಂಟಮ್ ನೋಟಿನ ಮಾತು ತೆಗೆದರಂತೆ. ಇಬ್ಬರಿಗೂ ಅದಕ್ಕೆ ಮೊದಲು ಪರಿಚಯವೇ ಇರಲಿಲ್ಲ.

ಫೋಟಾನ್‌ಗಳನ್ನು ನೋಟಿನಲ್ಲಿ ಕೂಡಿಹಾಕುವುದು ಕಷ್ಟ, ಅವು ಇರುವುದೇ ಓಡುವುದಕ್ಕೆ ಎಂಬ ಅರಿವು ಮೂಡಿದ ಮೇಲೆ ಇಬ್ಬರೂ ಕೀಲಿ ಹಂಚಿಕೆಯತ್ತ ಹೊರಳಿದರು. ಅಷ್ಟರಲ್ಲಿ ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬ್ರಾಸಾರ್‌ಗೆ ಆಹ್ವಾನ ಬಂತು. ವಿಷಯದ ಆಯ್ಕೆ ಅವರದೇ. 1984ರ ಡಿಸೆಂಬರ್‌ನಲ್ಲಿ, ಕಂಪ್ಯೂಟರ್ ಮತ್ತು ಸಿಗ್ನಲ್ ಸಂಸ್ಕರಣೆಯ ಆ ಸಮ್ಮೇಳನದಲ್ಲಿ ಮಂಡನೆಯಾದ ಲೇಖನ ಇಂದು ಬಿಬಿ84 ಎಂದೇ ಪ್ರಸಿದ್ಧ. ಬೆನೆಟ್, ಬ್ರಾಸಾರ್ ಎಂಬ ಹೆಸರುಗಳ ಎರಡು ಬಕಾರಗಳಿಗೆ ಇಸವಿ ಸೇರಿದೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಈ ಕ್ಷೇತ್ರದ ಬಗ್ಗೆ ಬರೆದರೂ ಉಲ್ಲೇಖಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ ಎಂಬುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಧ್ರುವೀಕರಣ ಎಂಬುದನ್ನು ಮನೆಯಲ್ಲಿ ನೋಡಬಹುದೇ?

ನೋಡಲೇಬೇಕು. ನೋಡದೆ ಮುಂದಿನದು ಅರ್ಥವಾಗದು. ಪೋಲರಾಯ್ಡ್ ತಂಪು ಕನ್ನಡಕವೊಂದನ್ನು ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯ ಮುಂದೆ ಹಿಡಿದು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಬೆಳ್ಳಗೆ ಕಾಣುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದಾಗ ಕಪ್ಪಾಗುತ್ತದೆ. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಹೀಗೆ ಒಂದೇ ದಿಕ್ಕಿಗೆ ಕಂಪಿಸುವುದನ್ನೇ ಧ್ರುವೀಕರಣ ಎನ್ನುವುದು.

ಈಗ ಅಂಥದೇ ಇನ್ನೊಂದು ಕನ್ನಡಕ ತನ್ನಿ. ಪರದೆ ಕಪ್ಪಾಗಿ ಕಾಣುತ್ತಿರುವ ಸ್ಥಿತಿಯಲ್ಲೇ ಇದನ್ನು ಪರದೆಗೂ ಮೊದಲ ಕನ್ನಡಕಕ್ಕೂ ನಡುವೆ 45 ಡಿಗ್ರಿ ಓರೆಯಾಗಿ ತೂರಿಸಿ. ಕಪ್ಪಿದ್ದ ಕಡೆ ಬೆಳಕು ಮರಳಿ ಬರುತ್ತದೆ. ಗಾಜಿನಲ್ಲಿ ಬೇರೆ ನಷ್ಟವಿಲ್ಲದಿದ್ದರೆ ಪರದೆಯ ಬೆಳಕಿನ ಕಾಲು ಭಾಗದಷ್ಟು. ಬೆಳಕನ್ನು ತಡೆಯಬೇಕಾದ ಗಾಜನ್ನು ಇನ್ನೊಂದು ಸೇರಿಸಿದರೆ ಬೆಳಕು ಹೆಚ್ಚಾಗುವುದೆಂದರೇನು? ನಡುವಿನ ಗಾಜು "ನೀನು ಯಾವ ದಿಕ್ಕಿನವನು?" ಎಂದು ಫೋಟಾನ್‌ಗಳನ್ನು ಕೇಳಿತಷ್ಟೇ ಅಲ್ಲ, ದಾಟಿ ಬಂದವನ್ನೆಲ್ಲ ತನ್ನ ದಿಕ್ಕಿಗೆ ತಿರುಗಿಸಿತು. ಅಳೆಯುವುದೆಂದರೆ ಬದಲಾಯಿಸುವುದು. ಕದ್ದಾಲಿಸುವವನು ಸಿಕ್ಕಿಬೀಳುವುದು ಇಲ್ಲೇ.

ಬಿಬಿ84 ಹೇಗೆ ನಡೆಯುತ್ತದೆ?

ಕಳುಹಿಸುವವಳನ್ನು ಅಕ್ಕ ಎನ್ನೋಣ, ಪಡೆಯುವವನನ್ನು ತಮ್ಮ ಎನ್ನೋಣ. ಫೋಟಾನ್ ಅನ್ನು ಅಕ್ಕ ಎರಡು ಬಗೆಯಲ್ಲಿ ಸಿದ್ಧಪಡಿಸಬಲ್ಲಳು. ನೇರ ಬಗೆಯಲ್ಲಿ ಅಡ್ಡ ಕಂಪನ 0, ಲಂಬ ಕಂಪನ 1. ಓರೆ ಬಗೆಯಲ್ಲಿ 45 ಡಿಗ್ರಿ 0, 135 ಡಿಗ್ರಿ 1. ಪ್ರತಿ ಫೋಟಾನ್‌ಗೂ ಬಗೆಯನ್ನು ಚೀಟಿ ಎತ್ತಿದಂತೆ ಆರಿಸುತ್ತಾಳೆ. ತಮ್ಮನಿಗೆ ಅವಳ ಆಯ್ಕೆ ತಿಳಿಯದು. ಅವನೂ ಪ್ರತಿ ಬಾರಿ ಚೀಟಿ ಎತ್ತಿ ನೇರವಾಗಿಯೋ ಓರೆಯಾಗಿಯೋ ಅಳೆಯುತ್ತಾನೆ.

ಎಂಟು ಫೋಟಾನ್‌ಗಳ ಒಂದು ಓಟ ಹೀಗಿರಬಹುದು:

ಅಕ್ಕನ ಬಿಟ್: 0, 1, 1, 0, 1, 0, 0, 1
ಅಕ್ಕನ ಬಗೆ: ನೇರ, ಓರೆ, ನೇರ, ನೇರ, ಓರೆ, ಓರೆ, ನೇರ, ಓರೆ
ತಮ್ಮನ ಬಗೆ: ನೇರ, ನೇರ, ನೇರ, ಓರೆ, ಓರೆ, ನೇರ, ನೇರ, ನೇರ

ಎಲ್ಲ ಮುಗಿದ ಮೇಲೆ ಇಬ್ಬರೂ ಫೋನ್ ಮಾಡಿ ತಾವು ಬಳಸಿದ ಬಗೆಗಳನ್ನಷ್ಟೇ ಹೇಳಿಕೊಳ್ಳುತ್ತಾರೆ, ಬಿಟ್‌ಗಳನ್ನು ಹೇಳುವುದಿಲ್ಲ. ಆ ಮಾತನ್ನು ಊರೆಲ್ಲ ಕೇಳಿಸಿಕೊಂಡರೂ ಚಿಂತೆಯಿಲ್ಲ. ಇಲ್ಲಿ 1, 3, 5, 7ನೇ ಜಾಗಗಳಲ್ಲಿ ಬಗೆ ಕೂಡಿಬಂದಿದೆ. ಅವನ್ನಿಟ್ಟುಕೊಂಡು ಉಳಿದವನ್ನು ಎಸೆಯುತ್ತಾರೆ. ಕೈಯಲ್ಲಿ ಉಳಿದ ಕೀಲಿ 0, 1, 1, 0. ಬಗೆ ತಪ್ಪಿದ ಕಡೆ ತಮ್ಮನಿಗೆ ಬಂದದ್ದು ನಾಣ್ಯ ಚಿಮ್ಮಿದಂತಹ ಫಲ, ಅದರಲ್ಲಿ ಹುರುಳಿಲ್ಲ.

ನಡುವೆ ಕದ್ದಾಲಿಸುವವನು ಸಿಕ್ಕಿಬೀಳುವುದು ಹೇಗೆ?

ಅವನಿಗೂ ಬಗೆ ಗೊತ್ತಿಲ್ಲ. ಊಹಿಸಿ ಅಳೆದರೆ ಅರ್ಧ ಸಲ ತಪ್ಪುತ್ತಾನೆ. ತಪ್ಪಿದಾಗ, ಕನ್ನಡಕದ ನಡುವಿನ ಗಾಜಿನಂತೆ, ಫೋಟಾನ್‌ನ ದಿಕ್ಕನ್ನೇ ಕೆಡಿಸಿ ಮುಂದೆ ಕಳುಹಿಸುತ್ತಾನೆ. ಕೆಟ್ಟ ಫೋಟಾನ್ ತಮ್ಮನ ಬಳಿ ಅರ್ಧ ಸಲ ತಪ್ಪು ಉತ್ತರ ಕೊಡುತ್ತದೆ. ಒಟ್ಟಿನಲ್ಲಿ, ಹೊಂದಬೇಕಿದ್ದ ಬಿಟ್‌ಗಳಲ್ಲಿ ಶೇ. 25ರಷ್ಟು ಹೊಂದುವುದಿಲ್ಲ. ಅಕ್ಕ ತಮ್ಮ ಇಬ್ಬರೂ ಕೀಲಿಯ ಒಂದಷ್ಟು ಬಿಟ್‌ಗಳನ್ನು ಬಹಿರಂಗವಾಗಿ ತಾಳೆ ನೋಡಿ ಎಸೆಯುತ್ತಾರೆ. 20 ಬಿಟ್ ತಾಳೆ ನೋಡಿದರೆ ಎಲ್ಲವನ್ನೂ ಅಳೆದ ಕಳ್ಳ ತಪ್ಪಿಸಿಕೊಳ್ಳುವ ಸಂಭವ ಸಾವಿರಕ್ಕೆ ಮೂರು. 100 ಬಿಟ್ ತಾಳೆ ನೋಡಿದರೆ ಮೂರು ಲಕ್ಷ ಕೋಟಿಯಲ್ಲಿ ಒಂದು.

ಒಂದು ಕ್ಯೂಬಿಟ್‌ನಲ್ಲಿ ಅನಂತ ಮಾಹಿತಿ ಇರುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಕಳ್ಳನಿಗೆ ಅಷ್ಟೂ ಸಿಗಬೇಕಲ್ಲ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಕ್ಯೂಬಿಟ್ ಎಂದರೆ ಕ್ವಾಂಟಮ್ ಬಿಟ್, ಇಲ್ಲಿ ನಮ್ಮ ಧ್ರುವೀಕೃತ ಫೋಟಾನ್. ಧ್ರುವೀಕರಣದ ದಿಕ್ಕು ಒಂದು ಕೋನ. ಕೋನ 37 ಡಿಗ್ರಿ ಇರಬಹುದು, 37.2 ಇರಬಹುದು, ದಶಮಾಂಶ ಬಿಂದುವಿನ ಆಚೆಗೆ ಎಷ್ಟು ಅಂಕಿಗಳಾದರೂ ಇರಬಹುದು. ಒಂದು ನಿಘಂಟಿನ ಅಕ್ಷರಗಳನ್ನೆಲ್ಲ ಅಂಕಿಗಳಾಗಿಸಿ, ಒಂದರ ಪಕ್ಕ ಒಂದು ಜೋಡಿಸಿ, ಆ ಕೋನದಲ್ಲಿ ಫೋಟಾನ್ ಅನ್ನು ನಿಲ್ಲಿಸಿದೆವು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಇಡೀ ನಿಘಂಟು ಒಂದು ಫೋಟಾನ್‌ನೊಳಗೆ ಕುಳಿತಿತು.

ಈಗ ಅದನ್ನು ಓದಲು ಹೊರಡಿ. ಫೋಟಾನ್ ಅನ್ನು "ನಿನ್ನ ಕೋನ ಎಷ್ಟು?" ಎಂದು ಕೇಳಲಾಗದು. "ಈ ದಿಕ್ಕಿನ ಗಾಜನ್ನು ದಾಟುತ್ತೀಯಾ?" ಎಂದಷ್ಟೇ ಕೇಳಬಹುದು. ಉತ್ತರ ಹೌದು ಅಥವಾ ಇಲ್ಲ. ಉತ್ತರ ಕೊಟ್ಟ ಕ್ಷಣ ಹಳೆಯ ಕೋನ ಅಳಿಸಿಹೋಗಿರುತ್ತದೆ, ಎರಡನೇ ಪ್ರಶ್ನೆ ಕೇಳಲು ಹಳೆಯ ಫೋಟಾನ್ ಉಳಿದಿರುವುದಿಲ್ಲ. ಕಣಜದ ತುಂಬ ಧಾನ್ಯವಿದೆ, ಕಿಂಡಿಯಿಂದ ಹೊರಬರುವುದು ಒಂದೇ ಕಾಳು, ಆ ಕಾಳು ಬಿದ್ದೊಡನೆ ಕಣಜ ಬರಿದು.

ಇನ್ನಷ್ಟು ಜಾಣತನದ ಅಳತೆಯಿಂದ ಎರಡು ಕಾಳು ತೆಗೆಯಬಹುದೇ? ಆಗದು ಎಂದು ಮಾಸ್ಕೋದ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ 1973ರಲ್ಲಿ ಸಾಧಿಸಿ ತೋರಿಸಿದರು. ಕಳುಹಿಸಬಹುದಾದ ಸ್ಥಿತಿಗಳನ್ನೆಲ್ಲ ಬೆರೆಸಿದಾಗ ಬರುವ ಮಿಶ್ರಣಕ್ಕೆ ಒಂದು ಎಂಟ್ರೊಪಿ, ಅಂದರೆ ಅನಿಶ್ಚಿತತೆಯ ಅಳತೆ, ಇರುತ್ತದೆ. ಅದರಿಂದ ಬಿಡಿ ಬಿಡಿ ಸ್ಥಿತಿಗಳ ಎಂಟ್ರೊಪಿಯ ಸರಾಸರಿಯನ್ನು ಕಳೆಯಿರಿ. ಉಳಿದದ್ದೇ ಹೊಲೆವೊ ಮಿತಿ. ಯಾವ ಅಳತೆಯೂ ಅದಕ್ಕಿಂತ ಹೆಚ್ಚು ಮಾಹಿತಿ ಕೊಡಲಾರದು. ಒಂದು ಕ್ಯೂಬಿಟ್‌ಗೆ ಈ ಮಿತಿ ಎಂದೂ ಒಂದು ಬಿಟ್ಟನ್ನು ದಾಟುವುದಿಲ್ಲ. ಅಳೆದು ನಿಜವಾಗಿ ಪಡೆಯಬಹುದಾದದ್ದನ್ನು ನಿಲುಕುವ ಮಾಹಿತಿ ಎನ್ನೋಣ. ಅದು ಎಷ್ಟೋ ಸಲ ಈ ಮಿತಿಗಿಂತಲೂ ಕಡಿಮೆ.

ಬಿಬಿ84ರ ಲೆಕ್ಕವನ್ನೇ ಹಾಕಿ ನೋಡೋಣ. ನಾಲ್ಕು ಸ್ಥಿತಿಗಳಲ್ಲಿ ಯಾವುದು ಎಂದು ಹೇಳಲು ಎರಡು ಬಿಟ್ ಬೇಕು. ಹೊಲೆವೊ ಮಿತಿ ಒಂದು ಬಿಟ್‌ಗೆ ನಿಲ್ಲುತ್ತದೆ. ಅಳೆದು ಪಡೆಯಬಹುದಾದದ್ದು ಅದರಲ್ಲೂ ಅರ್ಧ. ಅಕ್ಕ ತುಂಬಿದ್ದು ಎರಡು, ಕಳ್ಳನಿಗೆ ನಿಲುಕುವುದು ಅರ್ಧ. ಅವನ ಯಂತ್ರ ಹಳೆಯದೆಂದು ಹೀಗಾಗಿದ್ದಲ್ಲ, ಇನ್ನು ನೂರು ವರ್ಷ ಬಿಟ್ಟು ಬರುವ ಯಂತ್ರಕ್ಕೂ ಇದೇ ಲೆಕ್ಕ.

ಫೋಟಾನ್‌ನ ನಕಲು ತೆಗೆದು ಪುರುಸೊತ್ತಾಗಿ ಅಳೆದರೆ?

ನಕಲು ಸಾಧ್ಯವಿಲ್ಲ. ವೂಟರ್ಸ್ ಮತ್ತು ಜ಼ುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ, 1982ರಲ್ಲಿ ಇದನ್ನು ತೋರಿಸಿದರು. ಅದರ ಗಣಿತದ ಪುರಾವೆ ಎಷ್ಟು ಚಿಕ್ಕದೆಂದರೆ ಕರಿಹಲಗೆಯ ಮೇಲೆ ನಾಲ್ಕು ಸಾಲು ಸಾಕು. ಅಡ್ಡ ಮತ್ತು ಲಂಬ ಸ್ಥಿತಿಗಳನ್ನು ಸರಿಯಾಗಿ ನಕಲು ಮಾಡುವ ಯಂತ್ರಕ್ಕೆ ಓರೆ ಫೋಟಾನ್ ಕೊಟ್ಟರೆ, ಕ್ವಾಂಟಮ್ ಸಮೀಕರಣದ ರೇಖೀಯತೆಯ (ಸ್ಥಿತಿಗಳು ಬೆರೆತಂತೆಯೇ ಫಲಗಳೂ ಬೆರೆಯುವ ಗುಣದ) ದೆಸೆಯಿಂದ, ಎರಡು ಓರೆ ಫೋಟಾನ್‌ಗಳ ಬದಲು ಒಂದಕ್ಕೊಂದು ಹೆಣೆದುಕೊಂಡ, ಅಂದರೆ ಬಿಡಿಬಿಡಿಯಾಗಿ ವಿವರಿಸಲಾಗದ, ಜೋಡಿ ಹೊರಬರುತ್ತದೆ. ನಕಲು ಸಾಧ್ಯವಿದ್ದಿದ್ದರೆ ಸಾವಿರ ಪ್ರತಿ ತೆಗೆದು, ಸಾವಿರ ಕೋನಗಳಲ್ಲಿ ಅಳೆದು, ನಿಘಂಟನ್ನು ಪುಟ ಪುಟವಾಗಿ ಓದಬಹುದಿತ್ತು. ಹೊಲೆವೊ ಮಿತಿಯೂ ನಕಲು ನಿಷೇಧವೂ ಒಂದೇ ಬೇರಿನ ಎರಡು ಕವಲುಗಳು.

ಹಾಗಾದರೆ ಪ್ರತಿ ಫೋಟಾನ್‌ನಲ್ಲಿ ಕಳ್ಳ ಎಷ್ಟು ಸರಿಯಾಗಿ ಊಹಿಸಬಲ್ಲ?

ನೇರ, ಓರೆ ಎರಡನ್ನೂ ಬಿಟ್ಟು ನಡುವಿನ 22.5 ಡಿಗ್ರಿಯಲ್ಲಿ ಅಳೆದರೆ ಬಿಟ್ ಅನ್ನು ಶೇ. 85.4ರಷ್ಟು ಸಲ ಸರಿಯಾಗಿ ಹೇಳಬಹುದು. ಬಗೆ ತಿಳಿಯುವ ಮೊದಲೇ ಉತ್ತರ ಹೇಳಬೇಕಾದರೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಎರಡು ಸ್ಥಿತಿಗಳನ್ನು ಬೇರ್ಪಡಿಸುವುದರ ಪರಮಾವಧಿ ಕಂಡುಹಿಡಿದ ಕಾರ್ಲ್ ಹೆಲ್‌ಸ್ಟ್ರಮ್ ಅವರ ಸೂತ್ರ ಈ ಅಂಕಿಯನ್ನು ನೇರವಾಗಿ ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಶೇ. 85.4 ಸರಿ ಎಂದರೆ ಮಾಹಿತಿಯ ಲೆಕ್ಕದಲ್ಲಿ ಸುಮಾರು 0.4 ಬಿಟ್. ಬಗೆಯನ್ನು ಊಹಿಸಿ ಅಳೆಯುವ ಸಾದಾ ಕಳ್ಳನಿಗೆ ಬಿಟ್ ಸರಿಯಾಗಿ ಸಿಗುವುದು ಶೇ. 75ರಷ್ಟು ಸಲ ಮಾತ್ರ. ಆದರೆ ಅಕ್ಕ ತಮ್ಮ ಬಗೆಗಳನ್ನು ಬಹಿರಂಗಪಡಿಸಿದ ಮೇಲೆ ಎಲ್ಲೆಲ್ಲಿ ತಾನು ಸರಿ ಎಂಬುದು ಅವನಿಗೆ ಗೊತ್ತಾಗುತ್ತದೆ, ಆಗ ಅವನ ಬಳಿ ಸರಾಸರಿ 0.5 ಬಿಟ್ ಇರುತ್ತದೆ. ಕಡಿಮೆ ಸಲ ಸರಿಯಾದವನಿಗೆ ಹೆಚ್ಚು ಮಾಹಿತಿ! ಊಹೆಯ ನಿಖರತೆ ಮತ್ತು ಮಾಹಿತಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ವಚ್ಛ ಉದಾಹರಣೆ ನಾನು ಕಂಡಿಲ್ಲ. ಅಳೆದು, ಕಂಡ ದಿಕ್ಕಿನಲ್ಲೇ ಮರಳಿ ಕಳುಹಿಸಿದರೆ ಎರಡೂ ಉಪಾಯಗಳು ಬಿಡುವ ಕುರುಹು ಒಂದೇ, ಶೇ. 25ರ ತಪ್ಪು.

ಒಂದು ಕ್ಯೂಬಿಟ್‌ನಲ್ಲಿ ಎರಡು ಬಿಟ್ ಕಳುಹಿಸಿದ್ದಾರಂತೆ. ಹೊಲೆವೊ ಮಿತಿ ಮುರಿಯಿತೇ?

ಮುರಿಯಲಿಲ್ಲ. ಬೆನೆಟ್ ಮತ್ತು ವೀಸ್ನರ್ 1992ರಲ್ಲಿ ತೋರಿಸಿದ ಆ ವಿಧಾನದಲ್ಲಿ ಹೆಣೆದುಕೊಂಡ ಫೋಟಾನ್ ಜೋಡಿಯ ಒಂದು ಭಾಗ ಮೊದಲೇ ತಮ್ಮನ ಬಳಿ ಇರುತ್ತದೆ. ಅಕ್ಕ ತನ್ನ ಭಾಗವನ್ನು ತಿರುಗಿಸಿ ಕಳುಹಿಸಿದಾಗ ಅವನು ಅಳೆಯುವುದು ಎರಡು ಕ್ಯೂಬಿಟ್‌ಗಳನ್ನು, ಪಡೆಯುವುದು ಎರಡು ಬಿಟ್‌ಗಳನ್ನು. ಲೆಕ್ಕ ಸರಿಯಾಗಿಯೇ ಇದೆ.

ಕಳ್ಳನಿಗೆ ಸ್ವಲ್ಪವಾದರೂ ತಿಳಿದೇ ತಿಳಿಯುತ್ತದೆಯಲ್ಲ? ಅಂಥ ಕೀಲಿಯನ್ನು ನಂಬುವುದು ಹೇಗೆ?

ನಿಜವಾದ ಫೈಬರ್‌ನಲ್ಲಿ ಕಳ್ಳನಿಲ್ಲದಿದ್ದರೂ ತಪ್ಪುಗಳು ಇರುತ್ತವೆ. ಎಲ್ಲ ತಪ್ಪೂ ಕಳ್ಳನದೇ ಎಂದು ಭಾವಿಸಿಕೊಂಡು ಮುಂದುವರಿಯುವುದು ಇಲ್ಲಿನ ಶಿಸ್ತು. ಮೊದಲು ತಪ್ಪುಗಳನ್ನು ತಿದ್ದಿ, ಆಮೇಲೆ ಉದ್ದದ ಕೀಲಿಯನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ಹಿಂಡಿದಾಗ ಕಳ್ಳನ ಅರಿವು ಆವಿಯಾಗುತ್ತದೆ.

ಹೇಗೆಂದು ಲೆಕ್ಕ ಹಾಕಿ ನೋಡಿ. ಪ್ರತಿ ಬಿಟ್ಟೂ ಅವನಿಗೆ ಶೇ. 85.4 ಖಚಿತವಾಗಿ ಗೊತ್ತು ಎನ್ನಿ. ಅಕ್ಕ ತಮ್ಮ ಎರಡು ಬಿಟ್‌ಗಳ ಮೊತ್ತ ಸಮವೋ ಬೆಸವೋ ಎಂಬುದನ್ನು ಹೊಸ ಬಿಟ್ ಎಂದು ಇಟ್ಟುಕೊಳ್ಳುತ್ತಾರೆ. ಅದನ್ನು ಊಹಿಸುವ ಅವನ ಸಾಮರ್ಥ್ಯ ಶೇ. 75ಕ್ಕೆ ಇಳಿಯುತ್ತದೆ. ಎಂಟು ಬಿಟ್‌ಗಳನ್ನು ಹೀಗೆ ಒಂದಾಗಿಸಿದರೆ ಶೇ. 53.1. ಇಪ್ಪತ್ತನ್ನು ಒಂದಾಗಿಸಿದರೆ ಶೇ. 50.05, ಅಂದರೆ ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದಂತೆ. ಅಕ್ಕ ತಮ್ಮನಿಗೆ ಎಲ್ಲ ಬಿಟ್‌ಗಳೂ ಗೊತ್ತಿರುವುದರಿಂದ ಅವರಿಗೆ ಒಂದು ಚೂರೂ ಅನುಮಾನವಿಲ್ಲ. ನಿಜವಾದ ವ್ಯವಸ್ಥೆಗಳು ಇದಕ್ಕಿಂತ ಮಿತವ್ಯಯದ ಗಣಿತ ಬಳಸುತ್ತವೆ, ಫೋಟಾನ್‌ಗಳನ್ನು ಕೂಡಿಟ್ಟು ಒಟ್ಟಿಗೆ ಅಳೆಯುವ ಕಳ್ಳನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ತಿರುಳು ಮಾತ್ರ ಇದೇ. ಪೀಟರ್ ಶೋರ್ ಮತ್ತು ಜಾನ್ ಪ್ರೆಸ್ಕಿಲ್ 2000ದಲ್ಲಿ ಕೊಟ್ಟ ಪುರಾವೆಯ ಪ್ರಕಾರ ತಪ್ಪಿನ ಪ್ರಮಾಣ ಸುಮಾರು ಶೇ. 11ರೊಳಗೆ ಇದ್ದರೆ ಬಿಬಿ84ರಿಂದ ಸುರಕ್ಷಿತ ಕೀಲಿ ತೆಗೆಯಬಹುದು. ಅದನ್ನು ಮೀರಿದರೆ ಆ ಓಟವನ್ನೇ ಕೈಬಿಡುವುದು.

ಎಷ್ಟು ದೂರಕ್ಕೆ ಕಳುಹಿಸಬಹುದು?

ಉತ್ತಮ ಆಪ್ಟಿಕಲ್ ಫೈಬರ್‌ನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ನಷ್ಟವಾಗುತ್ತದೆ. 100 ಕಿ.ಮೀ. ದಾಟುವಷ್ಟರಲ್ಲಿ ನೂರರಲ್ಲಿ ಒಂದು ಫೋಟಾನ್ ಉಳಿಯುತ್ತದೆ. 1000 ಕಿ.ಮೀ., ಅಂದರೆ ಸುಮಾರು ಬೆಂಗಳೂರಿನಿಂದ ಮುಂಬೈಗೆ ಇರುವಷ್ಟು ದೂರ, ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ಕಳುಹಿಸಿದರೂ ಒಂದು ಫೋಟಾನ್ ಆ ತುದಿ ಮುಟ್ಟಲು 300 ವರ್ಷಕ್ಕೂ ಹೆಚ್ಚು ಕಾಯಬೇಕು.

ಮಾಮೂಲು ದೂರಸಂಪರ್ಕದಲ್ಲಿ ದಾರಿ ಮಧ್ಯೆ ಆಂಪ್ಲಿಫೈಯರ್ ಇಟ್ಟು ಬೆಳಕನ್ನು ಹೆಚ್ಚಿಸುತ್ತಾರೆ. ಇಲ್ಲಿ ಅದು ನಡೆಯದು. ಹೆಚ್ಚಿಸುವುದೆಂದರೆ ನಕಲು ತೆಗೆಯುವುದು. ಕಳ್ಳನನ್ನು ಕಟ್ಟಿಹಾಕಿದ ನಿಯಮವೇ ನಮ್ಮ ಕೈಯನ್ನೂ ಕಟ್ಟುತ್ತದೆ. ನಡುವೆ ಕ್ವಾಂಟಮ್ ಸ್ಥಿತಿಯನ್ನು ಕಾಪಾಡಿ ದಾಟಿಸುವ ಯಾವ ನಿಲ್ದಾಣವೂ ಇಲ್ಲದಿದ್ದರೆ ಬೆಳಕಿನ ಪ್ರತಿ ಮಿಡಿತಕ್ಕೆ (ಪಲ್ಸ್) ಎಷ್ಟು ಗುಪ್ತ ಬಿಟ್ ಸಿಗಬಹುದು ಎಂಬುದಕ್ಕೂ ಮಿತಿ ಇದೆ. ಪಿರಾಂಡೊಲಾ ಮತ್ತು ಸಂಗಡಿಗರು 2017ರಲ್ಲಿ ಅದನ್ನು ಗೊತ್ತುಪಡಿಸಿದರು. ದೂರದ ಹಾದಿಯಲ್ಲಿ ಅದು ದಾಟಿ ಬರುವ ಬೆಳಕಿನ ಪಾಲಿನ 1.44ರಷ್ಟು. 100 ಕಿ.ಮೀ.ಗೆ ಮಿಡಿತಕ್ಕೆ 0.0144 ಬಿಟ್. ಮರುವರ್ಷವೇ ಎರಡೂ ತುದಿಗಳಿಂದ ಬೆಳಕು ಕಳುಹಿಸಿ ನಡುವಿನಲ್ಲಿ ಸಂಧಿಸುವಂತೆ ಮಾಡುವ ಅವಳಿ ಕ್ಷೇತ್ರದ ವಿಧಾನ ಬಂತು. 2023ರಲ್ಲಿ ಚೀನಾದ ಸಂಶೋಧಕರು ಅದರಿಂದ ಫೈಬರ್‌ನಲ್ಲಿ 1002 ಕಿ.ಮೀ. ಮುಟ್ಟಿದರು. ಅಷ್ಟು ದೂರದಲ್ಲಿ ಕೀಲಿ ತೊಟ್ಟಿಕ್ಕುವುದು ಬಲು ನಿಧಾನ.

ಹಾಗಾದರೆ ದೇಶದುದ್ದ ಹೇಗೆ ಕಳುಹಿಸುತ್ತಾರೆ?

ಒಂದು ದಾರಿ ನಂಬಿಕಸ್ಥ ನಿಲ್ದಾಣಗಳದ್ದು. ಬೀಜಿಂಗ್ ಮತ್ತು ಶಾಂಘೈ ನಡುವಿನ ಸುಮಾರು 2000 ಕಿ.ಮೀ. ಜಾಲದಲ್ಲಿ ಇಂಥ 32 ನಿಲ್ದಾಣಗಳಿವೆ. ಪ್ರತಿ ನಿಲ್ದಾಣದಲ್ಲೂ ಕೀಲಿ ಸಾಮಾನ್ಯ ಅಂಕಿಗಳಾಗಿ ತೆರೆದುಕೊಂಡು ಮುಂದಿನ ಹಂತಕ್ಕೆ ಹೋಗುತ್ತದೆ. ಅಲ್ಲಿ ಕಾವಲು ಕಾಯುವವರ ಮೇಲೆ ಭರವಸೆ ಇಡಲೇಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಭೌತಶಾಸ್ತ್ರ ಏನೂ ಮಾಡಲಾರದು. ಇನ್ನೊಂದು ದಾರಿ ಉಪಗ್ರಹ. ವಾತಾವರಣದ ತೆಳು ಪದರ ದಾಟಿದ ಮೇಲೆ ಫೋಟಾನ್ ಅನ್ನು ಹೀರುವಂಥದ್ದು ಏನೂ ಇಲ್ಲ. 2016ರ ಆಗಸ್ಟ್‌ನಲ್ಲಿ ಹಾರಿದ ಚೀನಾದ ಮಿಸಿಯಸ್ ಉಪಗ್ರಹದ ನೆರವಿನಿಂದ ಮರುವರ್ಷ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಕೀಲಿ ಹಂಚಿಕೊಂಡು ವಿಡಿಯೊ ಕರೆ ನಡೆಸಲಾಯಿತು. ಅಲ್ಲಿಯೂ ಕೀಲಿ ಉಪಗ್ರಹಕ್ಕೆ ತಿಳಿದಿತ್ತು, ಅದೂ ಒಂದು ನಂಬಿಕಸ್ಥ ನಿಲ್ದಾಣವೇ.

ಕೊನೆಗೂ ಇದನ್ನು ಭೇದಿಸಲು ಆಗುವುದಿಲ್ಲವೇ?

ಸಿದ್ಧಾಂತ ಗಟ್ಟಿಯಾಗಿದೆ, ಸೋರುವುದು ಯಂತ್ರಗಳು. ಬೆನೆಟ್ ಮತ್ತು ಸಂಗಡಿಗರು 1989ರಲ್ಲಿ ಕಟ್ಟಿದ ಮೊದಲ ಯಂತ್ರ ಮೇಜಿನ ಮೇಲೆ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಫೋಟಾನ್ ಕಳುಹಿಸಿತು. ಧ್ರುವೀಕರಣ ತಿರುಗಿಸಲು ಅದಕ್ಕೆ ಹೆಚ್ಚಿನ ವೋಲ್ಟೇಜ್ ಬೇಕಿತ್ತು. ಆ ವಿದ್ಯುತ್ ಸಾಧನ ಒಂದೊಂದು ದಿಕ್ಕಿಗೆ ಒಂದೊಂದು ಬಗೆಯ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ನಿಂತು ಕಿವಿಗೊಟ್ಟರೆ ಸಾಕು, ಕೀಲಿ ಸಿಗುತ್ತಿತ್ತು. ಕಟ್ಟಿದವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಒಂದೊಂದೇ ಫೋಟಾನ್ ಕೊಡುವ ಸಾಧನ ದುಬಾರಿ, ಆದ್ದರಿಂದ ಬಹುತೇಕ ಯಂತ್ರಗಳು ಲೇಸರ್ ಮಿಡಿತವನ್ನು ತೀರಾ ಮಂದ ಮಾಡಿ ಬಳಸುತ್ತವೆ. ಸರಾಸರಿ 0.1 ಫೋಟಾನ್ ಇರುವಂತೆ ಮಂದ ಮಾಡಿದರೂ ಸಾವಿರದಲ್ಲಿ ಸುಮಾರು ಐದು ಮಿಡಿತಗಳಲ್ಲಿ ಎರಡು ಅಥವಾ ಹೆಚ್ಚು ಫೋಟಾನ್ ಇರುತ್ತವೆ. ಕಳ್ಳ ಒಂದನ್ನು ಎತ್ತಿಟ್ಟುಕೊಂಡು ಇನ್ನೊಂದನ್ನು ಕದಲಿಸದೆ ಮುಂದೆ ಬಿಡಬಹುದು. ಪ್ರಕೃತಿ ಕೊಡದ ನಕಲನ್ನು ನಮ್ಮ ಲೇಸರ್ ತಾನಾಗಿ ಕೊಟ್ಟಂತಾಯಿತು. ಇದಕ್ಕೆ ಮದ್ದಾಗಿ ಬೇರೆ ಬೇರೆ ತೀವ್ರತೆಯ ಹುಸಿ ಮಿಡಿತಗಳನ್ನು ನಡುನಡುವೆ ಬೆರೆಸುವ ಉಪಾಯ 2003ರಿಂದ 2005ರ ನಡುವೆ ರೂಪುಗೊಂಡಿತು. 2010ರಲ್ಲಿ ವಾದಿಮ್ ಮಕಾರೊವ್ ಅವರ ತಂಡ ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಫೋಟಾನ್ ಸಂವೇದಕಗಳನ್ನು ಪ್ರಖರ ಬೆಳಕಿನಿಂದ ಕುರುಡಾಗಿಸಿ ತನಗೆ ಬೇಕಾದ ಉತ್ತರ ಬರುವಂತೆ ಮಾಡಿ ತೋರಿಸಿತು. ಆಮೇಲೆ ಸಂವೇದಕವನ್ನು ನಂಬಬೇಕಿಲ್ಲದ ವಿಧಾನಗಳು ಬಂದವು. ಹಾಗಾಗಿ ಯಾವುದಾದರೂ ಜಾಹೀರಾತು "ಎಂದೆಂದಿಗೂ ಭೇದಿಸಲಾಗದ ಯಂತ್ರ" ಎಂದರೆ ಒಪ್ಪಬೇಡಿ. ಭೇದಿಸಲಾಗದ ಸೂತ್ರವಿದೆ. ಯಂತ್ರವನ್ನು ಮಾತ್ರ ಪ್ರತಿ ವರ್ಷ ಮತ್ತೆ ಮತ್ತೆ ಪರೀಕ್ಷಿಸಬೇಕು.

ಅಕ್ಕನೊಡನೆ ಮಾತಾಡುತ್ತಿರುವುದು ತಮ್ಮನೇ ಎಂಬ ಖಾತ್ರಿ ಏನು?

ಕ್ವಾಂಟಮ್ ಭಾಗ ಆ ಖಾತ್ರಿ ಕೊಡುವುದಿಲ್ಲ. ಬಗೆಗಳನ್ನು ಹೇಳಿಕೊಳ್ಳುವ ಫೋನ್ ಮಾತುಕತೆಗೆ ಸಹಿ ಬೇಕು, ಅದಕ್ಕೆ ಮೊದಲೇ ಇಬ್ಬರ ಬಳಿ ಒಂದು ಚಿಕ್ಕ ಗುಪ್ತ ಕೀಲಿ ಇರಬೇಕು. ಮೊಸರಿಗೆ ಹೆಪ್ಪು ಬೇಕಾದಂತೆ. ಒಮ್ಮೆ ಹೆಪ್ಪು ಹಾಕಿದರೆ ಇವತ್ತಿನ ಮೊಸರಿನಲ್ಲೇ ನಾಳೆಗೆ ಹೆಪ್ಪು ಎತ್ತಿಡಬಹುದು, ಹೊಸ ಕೀಲಿಯ ಒಂದು ಭಾಗವನ್ನು ಮುಂದಿನ ಓಟದ ಸಹಿಗೆ ಉಳಿಸಿಕೊಳ್ಳುತ್ತಾರೆ. ಮೊದಲ ಹೆಪ್ಪನ್ನು ಮಾತ್ರ ಬೇರೆ ಕಡೆಯಿಂದಲೇ ತರಬೇಕು.

ಕ್ವಾಂಟಮ್ ಕಂಪ್ಯೂಟರ್ ಬಂದರೆ ನನ್ನ ಮೊಬೈಲ್ ಬ್ಯಾಂಕಿಂಗ್ ಗತಿ ಏನು? ಇದೇ ಪರಿಹಾರವೇ?

ಸಾಮಾನ್ಯ ಬಳಕೆದಾರರ ಮಟ್ಟಿಗೆ ಪರಿಹಾರ ಬೇರೆಯೇ ಇದೆ. ದೊಡ್ಡ ಸಂಖ್ಯೆಗಳ ಅಪವರ್ತನೆಯನ್ನು ನಂಬಿದ ಇಂದಿನ ಗೂಢಲಿಪಿಯನ್ನು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಒಡೆಯಬಲ್ಲದು ಎಂದು ಶೋರ್ 1994ರಲ್ಲಿ ತೋರಿಸಿದರು. ಅದಕ್ಕೆ ಉತ್ತರವಾಗಿ, ಬೇರೆ ಬಗೆಯ ಗಣಿತ ಸಮಸ್ಯೆಗಳನ್ನು ಆಧರಿಸಿದ ಮೂರು ಹೊಸ ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊರತಂದಿತು. ಇವು ಸಾಫ್ಟ್‌ವೇರ್ ಬದಲಾವಣೆಯಿಂದಲೇ ಫೋನಿಗೆ ಬರುತ್ತವೆ, ಫೋಟಾನ್ ಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಕ್ವಾಂಟಮ್ ಕೀಲಿ ಹಂಚಿಕೆಗಿಂತ ಈ ದಾರಿಯನ್ನೇ ಶಿಫಾರಸು ಮಾಡುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಹೊಸ ಗಣಿತ ಸಮಸ್ಯೆಗಳು ಕಷ್ಟ ಎಂಬುದು ಇಂದಿನ ನಂಬಿಕೆ, ಸಾಧಿತ ಸತ್ಯವಲ್ಲ. ಇಂದು ಕದ್ದು ಕೂಡಿಟ್ಟ ಸಂದೇಶವನ್ನು 30 ವರ್ಷ ಬಿಟ್ಟು ಬಿಡಿಸಬಹುದು. ಅಷ್ಟು ಕಾಲ ಗುಟ್ಟಾಗಿ ಉಳಿಯಬೇಕಾದ ಮಾಹಿತಿಗೆ ಭೌತನಿಯಮದ ಬೆಂಬಲ ಬೆಲೆಬಾಳುವಂಥದ್ದು. ಹಾಲಿನ ಡೈರಿಯ ಲೆಕ್ಕಕ್ಕೆ ಅದು ಬೇಕಿಲ್ಲ.

ಭಾರತದಲ್ಲಿ ಎಲ್ಲಿಯವರೆಗೆ ಬಂದಿದೆ?

2021ರ ಮಾರ್ಚ್‌ನಲ್ಲಿ ಇಸ್ರೊ ಅಹಮದಾಬಾದಿನಲ್ಲಿ 300 ಮೀಟರ್ ಬಯಲಿನಲ್ಲಿ ಕೀಲಿ ಹಂಚಿಕೆಯ ಪ್ರಾತ್ಯಕ್ಷಿಕೆ ನಡೆಸಿತು. 2022ರ ಫೆಬ್ರುವರಿಯಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಪ್ರಯಾಗ್‌ರಾಜ್ ಹಾಗೂ ವಿಂಧ್ಯಾಚಲದ ನಡುವೆ 100 ಕಿ.ಮೀ.ಗೂ ಹೆಚ್ಚು ಫೈಬರ್‌ನಲ್ಲಿ ಇದನ್ನು ಸಾಧಿಸಿದವು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2000 ಕಿ.ಮೀ. ವ್ಯಾಪ್ತಿಯ ಉಪಗ್ರಹ ಸಂಪರ್ಕ ಅದರ ಗುರಿಗಳಲ್ಲಿ ಒಂದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಈ ಕೆಲಸದಲ್ಲಿ ತೊಡಗಿದೆ. ಇದೇ ಸಂಸ್ಥೆಯಲ್ಲಿ 1956ರಲ್ಲಿ ಎಸ್. ಪಂಚರತ್ನಂ ಎಂಬ ಇಪ್ಪತ್ತೆರಡರ ತರುಣ, ರಾಮನ್ ಅವರ ಶಿಷ್ಯ, ಧ್ರುವೀಕರಣದ ಸ್ಥಿತಿಗಳನ್ನು ಒಂದು ಗೋಳದ ಮೇಲಿನ ಬಿಂದುಗಳಾಗಿ ಬರೆದು, ಆ ಗೋಳದ ಮೇಲೆ ಸುತ್ತಿ ಬಂದ ಬೆಳಕು ತನ್ನೊಂದಿಗೆ ಜ್ಯಾಮಿತಿಯ ಗುರುತನ್ನು ಹೊತ್ತು ತರುತ್ತದೆ ಎಂದು ತೋರಿಸಿದ್ದರು. ಇಂದು ಕ್ಯೂಬಿಟ್ ಅನ್ನು ವಿವರಿಸಲು ಬಿಡಿಸುವ ಗೋಳ ಗಣಿತದಲ್ಲಿ ಅದೇ.

ಮಾಹಿತಿಗೆ ಬೇರೆ ಭೌತಿಕ ಮಿತಿಗಳೂ ಇವೆಯೇ?

ಇವೆ. ಒಂದು ಬಿಟ್ಟನ್ನು ಅಳಿಸಿದರೆ ಕೋಣೆಯ ಉಷ್ಣತೆಯಲ್ಲಿ ಕನಿಷ್ಠ ದಶಮಾಂಶ ಬಿಂದುವಿನ ನಂತರ ಇಪ್ಪತ್ತು ಸೊನ್ನೆ, ಆಮೇಲೆ 3 ಬರೆದಷ್ಟು ಜೌಲ್ ಶಾಖ ಹೊರಬೀಳಲೇಬೇಕು ಎಂದು ರಾಲ್ಫ್ ಲ್ಯಾಂಡಾವರ್ 1961ರಲ್ಲಿ ವಾದಿಸಿದರು. 2012ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಒಂದು ಗಾಜಿನ ಸೂಕ್ಷ್ಮ ಮಣಿಯನ್ನು ಲೇಸರ್‌ನಿಂದ ಹಿಡಿದು ಇದನ್ನು ಅಳೆದು ನೋಡಿದರು. ಹೊಲೆವೊ ಓದುವುದಕ್ಕೆ ಮಿತಿ ಹಾಕಿದರೆ ಲ್ಯಾಂಡಾವರ್ ಅಳಿಸುವುದಕ್ಕೆ ಬೆಲೆ ಕಟ್ಟಿದರು.

ಒಬ್ಬರನ್ನೊಬ್ಬರು ನಂಬದ ಇಬ್ಬರ ನಡುವೆಯೂ ಇದು ಕೆಲಸ ಮಾಡುತ್ತದೆಯೇ?

ಇಲ್ಲಿಗೆ ಪ್ರಕೃತಿಯ ಕಾವಲು ನಿಲ್ಲುತ್ತದೆ. ಅಕ್ಕ ತಮ್ಮ ಒಂದಾಗಿದ್ದು ಮೂರನೆಯವನನ್ನು ಹೊರಗಿಡುವುದು ಕೀಲಿ ಹಂಚಿಕೆ. ಅವರಿಬ್ಬರಲ್ಲೇ ಜಗಳವಿದ್ದು ದೂರದಿಂದ ನಾಣ್ಯ ಚಿಮ್ಮಬೇಕೆಂದರೆ, ಅಥವಾ ಅಕ್ಕ ಒಂದು ಬಿಟ್ಟನ್ನು ಲಕೋಟೆಯಲ್ಲಿ ಮುಚ್ಚಿ ಕೊಟ್ಟು ಆಮೇಲೆ ತೆರೆಯಬೇಕೆಂದರೆ, ಕಥೆ ಬೇರೆ. ಲಕೋಟೆಯ ಆಟವನ್ನು ಕ್ವಾಂಟಮ್ ನಿಯಮಗಳಷ್ಟರಿಂದಲೇ ಸುರಕ್ಷಿತ ಮಾಡಲಾಗದು ಎಂದು ಡೊಮಿನಿಕ್ ಮೇಯರ್ಸ್ ಒಂದು ಕಡೆ, ಲೋ ಮತ್ತು ಚೌ ಇನ್ನೊಂದು ಕಡೆ, 1997ರಲ್ಲಿ ಪ್ರಕಟಿಸಿದರು. ಅಕ್ಕ ಹೆಣೆದುಕೊಂಡ ಜೋಡಿಯ ಒಂದು ಭಾಗವನ್ನು ತನ್ನಲ್ಲೇ ಉಳಿಸಿಕೊಂಡರೆ, ಲಕೋಟೆ ತಮ್ಮನ ಕೈಯಲ್ಲಿರುವಾಗಲೇ ಒಳಗಿನ ಬಿಟ್ಟನ್ನು ಬದಲಾಯಿಸಬಲ್ಲಳು, ತಮ್ಮನಿಗೆ ಸುಳಿವೂ ಸಿಗದು.

ಈ ಮೋಸದ ಬೀಜ ಬೆಂಗಳೂರಿನ ಲೇಖನದಲ್ಲೇ ಇದೆ. ಸಮ್ಮೇಳನದ ಸಂಪುಟದಲ್ಲಿ ಅದು 175ರಿಂದ 179ನೇ ಪುಟದವರೆಗೆ, ಐದೇ ಪುಟ. ಕೀಲಿ ಹಂಚಿಕೆಯನ್ನು ವಿವರಿಸಿದ ಮೇಲೆ ಬೆನೆಟ್ ಮತ್ತು ಬ್ರಾಸಾರ್ ದೂರದಿಂದ ನಾಣ್ಯ ಚಿಮ್ಮುವ ಒಂದು ವಿಧಾನವನ್ನೂ ಕೊಟ್ಟರು. ಕೊಟ್ಟ ಕೈಯಲ್ಲೇ, ಹೆಣೆದುಕೊಂಡ ಜೋಡಿ ಬಳಸಿ ಅದರಲ್ಲಿ ಮೋಸ ಮಾಡುವುದು ಹೇಗೆಂದೂ ಬರೆದಿಟ್ಟರು.